ಬೀದರಿನಲ್ಲಿ ಕುಳಿತು ಕಿಂಗ್‌ಸ್ಟನ್ ಬಂದರನ್ನು ಅಭ್ಯಾಸ ಮಾಡುವ ಬಗೆ

ಬೀದರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಶಾಲೆಗಳಲ್ಲಿ ಓದುವ ಹೆಚ್ಚಿನ ಮಕ್ಕಳು ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಪಠ್ಯದಲ್ಲಿ ‘ಸ್ವಾಭಾವಿಕ ಬಂದರು’ ಎಂಬ ಮಾತು ಬಂದಾಗ ಅದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಅದು ಮುಗಿದುಹೋಗುತ್ತದೆ. ಸಮಾಜ ವಿಜ್ಞಾನ ಕಲಿಸುವ ಶಿಕ್ಷಕನಾಗಿ ನನ್ನ ದೃಢವಾದ ಅಭಿಪ್ರಾಯವೆಂದರೆ, ಹತ್ತು ಬಂದರುಗಳ ಹೆಸರನ್ನು ಒಪ್ಪಿಸುವುದಕ್ಕಿಂತ ಒಂದೇ ಬಂದರನ್ನು ಅದರ ನೆಲ, ನೀರು, ಗಾಳಿ, ಜನ ಎಲ್ಲವನ್ನೂ ಕೂಡಿಸಿ ಓದುವುದು ಹೆಚ್ಚು ಫಲ ಕೊಡುತ್ತದೆ. ಅದಕ್ಕಾಗಿ ನಾನು ಆರಿಸಿಕೊಳ್ಳುವುದು ಕೆರಿಬಿಯನ್ ಸಮುದ್ರದಲ್ಲಿರುವ ಜಮೈಕಾ ದ್ವೀಪದ ರಾಜಧಾನಿ ಕಿಂಗ್‌ಸ್ಟನ್ ನಗರವನ್ನು. ಶಿಕ್ಷಕರು ತಮ್ಮ ತರಗತಿಗಾಗಿ, ಕೆಎಎಸ್‌ನಂತಹ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ಸ್ವಂತ ಅಭ್ಯಾಸಕ್ಕಾಗಿ ಈ ನಗರವನ್ನು ಯಾವ ಕ್ರಮದಲ್ಲಿ ಓದಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೇ ಒಂದು ಮಾತು ಹೇಳಬೇಕು: ಇಸವಿಗಳಿಂದ ಆರಂಭಿಸಬೇಡಿ. ಕಿಂಗ್‌ಸ್ಟನ್ನಿನ ಇತಿಹಾಸದಲ್ಲಿ 1692, 1872, 1907 ಎಂಬ ಇಸವಿಗಳು ಬಹಳ ಮುಖ್ಯವಾದವು, ನಿಜ. ಆದರೆ ಆ ನೆಲದ ಉಸುಕು ಎಲ್ಲಿಂದ ಬಂತು, ಅಲ್ಲಿಯ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಬೆಟ್ಟ ಎಲ್ಲಿದೆ, ಬಯಲು ಎಲ್ಲಿದೆ ಎಂಬುದು ತಿಳಿಯುವ ತನಕ ಆ ಇಸವಿಗಳು ಬರೀ ಅಂಕಿಗಳಾಗಿಯೇ ಉಳಿಯುತ್ತವೆ. ಆದ್ದರಿಂದ ಮೊದಲು ನಕ್ಷೆ, ಆಮೇಲೆ ಇತಿಹಾಸ. ಬೇಕಾಗುವ ಸಾಮಾನು ಹೆಚ್ಚೇನೂ ಇಲ್ಲ: ಒಂದು ಅಟ್ಲಾಸ್, ಉಪಗ್ರಹ ಚಿತ್ರ ನೋಡಲು ಒಂದು ಮೊಬೈಲ್, ದೊಡ್ಡ ಬಿಳಿ ಹಾಳೆ, ಪೆನ್ಸಿಲ್, ಅಳೆಯಲು ಒಂದು ತುಂಡು ದಾರ, ಒಂದು ಅಗಲವಾದ ಟಬ್, ಅದು ತುಂಬುವಷ್ಟು ಉಸುಕು, ಒಂದು ಇಟ್ಟಿಗೆ.

ಜಾಗವನ್ನು ಗುರುತಿಸುವುದು

ಅಟ್ಲಾಸಿನಲ್ಲಿ ಬೀದರಿನ ಮೇಲೆ ಬೆರಳಿಟ್ಟು, ಅಕ್ಷಾಂಶವನ್ನು ಬಿಡದೆ ನೇರವಾಗಿ ಪಶ್ಚಿಮಕ್ಕೆ ಸಾಗಿ. ಅರಬ್ಬಿ ಸಮುದ್ರ, ಅರೇಬಿಯಾ, ಕೆಂಪು ಸಮುದ್ರ, ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚು, ಅಟ್ಲಾಂಟಿಕ್ ಸಾಗರ ಇವನ್ನೆಲ್ಲ ದಾಟಿದರೆ ಬೆರಳು ಬಂದು ನಿಲ್ಲುವುದು ಕಿಂಗ್‌ಸ್ಟನ್ ಬಳಿಯಲ್ಲಿಯೇ. ಬೀದರ ಸುಮಾರು 17 ಡಿಗ್ರಿ 55 ನಿಮಿಷ ಉತ್ತರ ಅಕ್ಷಾಂಶದಲ್ಲಿದ್ದರೆ ಕಿಂಗ್‌ಸ್ಟನ್ ಸುಮಾರು 17 ಡಿಗ್ರಿ 58 ನಿಮಿಷದಲ್ಲಿದೆ. ರೇಖಾಂಶದಲ್ಲಿಯೂ ಒಂದು ಸೊಗಸಾದ ಹೊಂದಿಕೆ ಇದೆ. ಬೀದರ ಗ್ರೀನಿಚ್‌ನಿಂದ ಪೂರ್ವಕ್ಕೆ ಸುಮಾರು 77 ಡಿಗ್ರಿ 31 ನಿಮಿಷ ದೂರದಲ್ಲಿದ್ದರೆ, ಕಿಂಗ್‌ಸ್ಟನ್ ಪಶ್ಚಿಮಕ್ಕೆ ಸುಮಾರು 76 ಡಿಗ್ರಿ 48 ನಿಮಿಷ ದೂರದಲ್ಲಿದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಅಕ್ಷಾಂಶ ಮತ್ತು ರೇಖಾಂಶಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಬೇರೆ ಸಿಕ್ಕಿಲ್ಲ.

ಇಲ್ಲಿ ಎರಡು ಲೆಕ್ಕಗಳನ್ನು ಮಾಡಿಸಬೇಕು. ಮೊದಲನೆಯದು ನೆರಳಿನದು. ಮೇ ತಿಂಗಳ ಎರಡನೆಯ ವಾರದ ಆಸುಪಾಸಿನಲ್ಲಿ ಮತ್ತು ಮತ್ತೆ ಜುಲೈ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ಬೀದರಿನ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿನ ನೆರಳು ಬುಡದಲ್ಲಿಯೇ ಅಡಗುತ್ತದೆ. ಅದೇ ದಿನಗಳ ಸುಮಾರಿಗೆ, ಅಲ್ಲಿಯ ಮಧ್ಯಾಹ್ನದಲ್ಲಿ, ಕಿಂಗ್‌ಸ್ಟನ್ನಿನಲ್ಲಿಯೂ ಹಾಗೆಯೇ ಆಗುತ್ತದೆ. ಎರಡನೆಯದು ವೇಳೆಯ ಲೆಕ್ಕ. ಎರಡು ಊರುಗಳ ನಡುವಿನ ರೇಖಾಂಶದ ಅಂತರ ಸುಮಾರು 154 ಡಿಗ್ರಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ ಹತ್ತು ಗಂಟೆ ಹದಿನೇಳು ನಿಮಿಷಗಳ ಸುಮಾರಾಗುತ್ತದೆ. ಆದರೆ ಗಡಿಯಾರಗಳ ನಡುವಿನ ಅಂತರ ಹತ್ತೂವರೆ ಗಂಟೆ. ಈ ವ್ಯತ್ಯಾಸ ಏಕೆ ಬಂತೆಂದು ಮಕ್ಕಳೇ ಕಂಡುಹಿಡಿಯುವಂತೆ ಬಿಡಿ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನೂ ಜಮೈಕಾದ ಗಡಿಯಾರ 75 ಡಿಗ್ರಿ ಪಶ್ಚಿಮ ರೇಖಾಂಶವನ್ನೂ ಅನುಸರಿಸುತ್ತವೆ ಎಂಬುದು ಗೊತ್ತಾದ ಕೂಡಲೇ ಲೆಕ್ಕ ಸರಿಹೋಗುತ್ತದೆ.

ಗಾತ್ರದ ಅಂದಾಜಿಗೆ ಕಲಬುರಗಿ ಜಿಲ್ಲೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಯಾದಗಿರಿ ಬೇರೆಯಾದ ಮೇಲಿನ ಕಲಬುರಗಿ ಜಿಲ್ಲೆಯ ವಿಸ್ತೀರ್ಣ ಸುಮಾರು 10,950 ಚದರ ಕಿಲೊಮೀಟರ್. ಇಡೀ ಜಮೈಕಾ ದೇಶದ ವಿಸ್ತೀರ್ಣ ಸುಮಾರು 10,990 ಚದರ ಕಿಲೊಮೀಟರ್. 2011ರ ಜನಗಣತಿಗಳಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 25.7 ಲಕ್ಷ, ದೇಶದ ಜನಸಂಖ್ಯೆ ಸುಮಾರು 27 ಲಕ್ಷ. ಒಂದು ಜಿಲ್ಲೆಯಷ್ಟೇ ಇರುವ ದ್ವೀಪವೊಂದಕ್ಕಾಗಿ ಯುರೋಪಿನ ರಾಜ್ಯಗಳು ಏಕೆ ಕಾದಾಡಿದವು ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟಬೇಕು. ಉತ್ತರವನ್ನು ಈಗಲೇ ಹೇಳಬೇಡಿ.

ಬಂದರಿನ ನಕ್ಷೆ ಬರೆಯುವುದು

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು, ಒಂದು ಸೆಂಟಿಮೀಟರಿಗೆ ಒಂದು ಕಿಲೊಮೀಟರ್ ಎಂಬ ಪ್ರಮಾಣವನ್ನು ಮೂಲೆಯಲ್ಲಿ ಬರೆಯಿರಿ. ಕೆಳಭಾಗದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಸಪೂರ ಪಟ್ಟಿಯನ್ನು ಎಳೆಯಿರಿ. ಅದರ ಪೂರ್ವದ ತುದಿ ನೆಲಕ್ಕೆ ಅಂಟಿಕೊಂಡಿರಲಿ, ಪಶ್ಚಿಮದ ತುದಿ ನೀರಿನಲ್ಲಿ ಚಾಚಿಕೊಂಡಿರಲಿ. ಇದು ಪಾಲಿಸೇಡೋಸ್ ಎಂಬ ಉಸುಕಿನ ನಾಲಿಗೆ. ಉಪಗ್ರಹ ಚಿತ್ರದಲ್ಲಿ ಇದರ ಉದ್ದವನ್ನು ದಾರ ಹಿಡಿದು ನೀವೇ ಅಳೆಯಿರಿ, ಹದಿಮೂರು ಕಿಲೊಮೀಟರಿನ ಆಸುಪಾಸು ಬರುತ್ತದೆ. ಪಶ್ಚಿಮದ ತುದಿಯಲ್ಲಿ ಒಂದು ಚುಕ್ಕೆ ಇಟ್ಟು ‘ಪೋರ್ಟ್ ರಾಯಲ್’ ಎಂದು ಬರೆಯಿರಿ. ಪಟ್ಟಿಯ ಉತ್ತರಕ್ಕೆ ಮೂರು ಕಿಲೊಮೀಟರಿನಷ್ಟು ನೀರನ್ನು ಬಿಟ್ಟು, ಆಚೆಗಿನ ದಡವನ್ನು ಎಳೆಯಿರಿ. ಕಿಂಗ್‌ಸ್ಟನ್ ಇರುವುದು ಆ ದಡದ ಮೇಲೆ. ಪಟ್ಟಿಗೂ ದಡಕ್ಕೂ ನಡುವೆ ಸಿಕ್ಕಿಕೊಂಡ ನೀರೇ ಬಂದರು. ಪಶ್ಚಿಮ ಮೂಲೆಯಲ್ಲಿ ಹಂಟ್ಸ್ ಬೇ ಎಂಬ ಸಣ್ಣ ಕೊಲ್ಲಿಯನ್ನೂ, ಅದಕ್ಕೆ ಬಂದು ಸೇರುವ ರಿಯೊ ಕೋಬ್ರೆ ನದಿಯನ್ನೂ ಗುರುತಿಸಿ. ದಡದಿಂದ ಉತ್ತರಕ್ಕೆ ನಿಧಾನವಾಗಿ ಏರುತ್ತ ಹೋಗುವ ಬಯಲಿಗೆ ಲಿಗನಿ ಬಯಲು ಎಂದು ಹೆಸರು. ಅದರ ಹಿಂದೆ, ಈಶಾನ್ಯಕ್ಕೆ, ನೀಲಿ ಪರ್ವತಗಳು. ಅವುಗಳ ಅತಿ ಎತ್ತರದ ಶಿಖರ 2,256 ಮೀಟರ್. ನಮ್ಮ ಬೀದರಿನ ಪ್ರಸ್ಥಭೂಮಿ ಸಮುದ್ರ ಮಟ್ಟದಿಂದ ಏಳುನೂರು ಮೀಟರಿನ ಆಸುಪಾಸು ಎತ್ತರದಲ್ಲಿದೆ ಎಂಬುದನ್ನು ನೆನಪಿಸಿದರೆ ಆ ಎತ್ತರದ ಅಂದಾಜು ಸಿಗುತ್ತದೆ.

ನಕ್ಷೆ ಮುಗಿದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ, ಈ ಉಸುಕಿನ ನಾಲಿಗೆ ಹೇಗೆ ಹುಟ್ಟಿತು ಎಂಬುದು. ಬೆಟ್ಟಗಳಿಂದ ರಭಸವಾಗಿ ಇಳಿಯುವ ಹೋಪ್ ನದಿಯಂತಹ ಹೊಳೆಗಳು ಉಸುಕನ್ನೂ ಗರಸನ್ನೂ ಸಮುದ್ರಕ್ಕೆ ತಂದು ಸುರಿಯುತ್ತವೆ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಎಬ್ಬಿಸುವ ಅಲೆಗಳು ಆ ಉಸುಕನ್ನು ದಡದ ಗುಂಟ ಪಶ್ಚಿಮಕ್ಕೆ ತಳ್ಳುತ್ತ ಹೋಗುತ್ತವೆ. ಹೀಗೆ ಸಾವಿರಾರು ವರ್ಷಗಳಲ್ಲಿ ಬೆಳೆದ ಉಸುಕು ಅಲ್ಲಲ್ಲಿ ಬಿಡಿಯಾಗಿದ್ದ ಸಣ್ಣ ನಡುಗಡ್ಡೆಗಳನ್ನು ಒಂದಕ್ಕೊಂದು ಜೋಡಿಸಿ, ತೆರೆದ ಸಮುದ್ರಕ್ಕೆ ಒಂದು ಗೋಡೆ ಕಟ್ಟಿತು. ಗೋಡೆಯ ಒಳಗಿನ ನೀರು ಶಾಂತವಾಯಿತು, ಹಡಗು ತೇಲುವಷ್ಟು ಆಳವೂ ಉಳಿಯಿತು. ಪಠ್ಯದ ‘ಸ್ವಾಭಾವಿಕ ಬಂದರು’ ಎಂದರೆ ಇದೇ. ಇಂದು ಅದೇ ಉಸುಕಿನ ಪಟ್ಟಿಯ ಮೇಲೆ ನಾರ್ಮನ್ ಮ್ಯಾನ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಉಪಗ್ರಹ ಚಿತ್ರದಲ್ಲಿ ಅದರ ರನ್‌ವೇ ನೀರಿನೊಳಗೆ ಚಾಚಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಗಾಳಿಯ ಪಾಠವನ್ನು ಇದರ ಜೊತೆಯಲ್ಲಿಯೇ ಮುಗಿಸಿಬಿಡಿ. ಈಶಾನ್ಯದಿಂದ ಬರುವ ವಾಣಿಜ್ಯ ಮಾರುತಗಳು ನೀಲಿ ಪರ್ವತಗಳಿಗೆ ಬಡಿದು ಉತ್ತರದ ಮಗ್ಗುಲಲ್ಲಿ ಮಳೆ ಸುರಿಸಿಬಿಡುತ್ತವೆ; ದಕ್ಷಿಣದ ಮಗ್ಗುಲಲ್ಲಿರುವ ಕಿಂಗ್‌ಸ್ಟನ್ನಿಗೆ ಉಳಿಕೆ ಮಾತ್ರ ಸಿಗುತ್ತದೆ. ಪಶ್ಚಿಮ ಘಟ್ಟಗಳ ಮಳೆ ನೆರಳಿನಲ್ಲಿ ತೊಗರಿ, ಜೋಳ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಬರೆದುಕೊಳ್ಳಬೇಕು: ನಮ್ಮ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಕೂಡಿಬಂದರೆ, ಅಲ್ಲಿ ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಎರಡು ಬಾರಿ ಏರುತ್ತದೆ, ನಮ್ಮ ಹೊಲಗಳು ತೊಯ್ಯುವ ಜುಲೈ ಅವರಿಗೆ ಒಣ ತಿಂಗಳು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಕಾಲ. 1951ರ ಆಗಸ್ಟ್‌ನಲ್ಲಿ ಚಾರ್ಲಿ, 1988ರ ಸೆಪ್ಟೆಂಬರ್ 12ರಂದು ಗಿಲ್ಬರ್ಟ್ ಎಂಬ ಚಂಡಮಾರುತಗಳು ನಗರವನ್ನು ತೀವ್ರವಾಗಿ ಹೊಡೆದವು. ಹಗಲಿನಲ್ಲಿ ಸಮುದ್ರದ ಕಡೆಯಿಂದ ಬರುವ ತಂಪು ಗಾಳಿಯನ್ನು ಅಲ್ಲಿಯ ಜನ ‘ಡಾಕ್ಟರ್’ ಎಂದು ಕರೆಯುತ್ತ ಬಂದಿದ್ದಾರೆ. ಬಿಸಿಲಿನ ಊರಿನ ಜನರಿಗೆ ಗಾಳಿಯ ಬೆಲೆ ಗೊತ್ತಿರುತ್ತದೆ.

ಉಸುಕಿನ ಪ್ರಯೋಗ ಮತ್ತು 1692

ಇಷ್ಟಾದ ಮೇಲೆಯೇ ಇತಿಹಾಸಕ್ಕೆ ಕೈಹಾಕಬೇಕು. 1494ರಲ್ಲಿ ಕೊಲಂಬಸ್ ಜಮೈಕಾದ ದಡ ಮುಟ್ಟಿದಾಗ ಅಲ್ಲಿ ಟೈನೊ ಜನ ಬದುಕಿದ್ದರು. 1509ರಿಂದ ಸ್ಪೇನಿನವರು ಅಲ್ಲಿ ನೆಲೆಸಿದರು, 1655ರಲ್ಲಿ ಇಂಗ್ಲಿಷರು ದ್ವೀಪವನ್ನು ಕಿತ್ತುಕೊಂಡರು. ಇಂಗ್ಲಿಷರು ತಮ್ಮ ಪಟ್ಟಣವನ್ನು ಕಟ್ಟಿದ್ದು ಬಯಲಿನ ಮೇಲಲ್ಲ, ಉಸುಕಿನ ನಾಲಿಗೆಯ ತುದಿಯಲ್ಲಿ. ನಕ್ಷೆಯನ್ನು ನೋಡಿದರೆ ಕಾರಣ ತಾನಾಗಿ ಹೊಳೆಯುತ್ತದೆ: ಬಂದರಿನ ಬಾಯಿಯನ್ನು ಕಾಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಮತ್ತು ಆಳವಾದ ನೀರು ದಡದ ಅಂಚಿಗೇ ಇರುವುದರಿಂದ ಹಡಗುಗಳು ಮನೆಬಾಗಿಲಿಗೆ ಬಂದು ನಿಲ್ಲಬಹುದು. ಪೋರ್ಟ್ ರಾಯಲ್‌ನಲ್ಲಿ ಸ್ಪೇನಿನ ಹಡಗುಗಳನ್ನು ದೋಚುವವರು ತುಂಬಿಕೊಂಡರು, ವ್ಯಾಪಾರಿಗಳು ಬಂದರು, ಉಸುಕಿನ ಮೇಲೆಯೇ ಹಲವು ಅಂತಸ್ತುಗಳ ಇಟ್ಟಿಗೆ ಮನೆಗಳು ಎದ್ದವು. 1692ರ ಹೊತ್ತಿಗೆ ಅಲ್ಲಿ ಸುಮಾರು 6,500 ಜನರಿದ್ದರು.

ಈಗ ಪ್ರಯೋಗ. ಮಾಂಜ್ರಾ ಅಥವಾ ಭೀಮಾ ನದಿಯ ಸಣ್ಣ ಉಸುಕನ್ನು ಸಾಣಿಗೆಯಲ್ಲಿ ಸೋಸಿ, ಟಬ್ಬಿನಲ್ಲಿ ಸಡಿಲವಾಗಿ ಸುರಿಯಿರಿ, ಒತ್ತಬೇಡಿ, ಬಡಿಯಬೇಡಿ. ಒಂದು ಬದಿಯಿಂದ ನಿಧಾನವಾಗಿ ನೀರು ಬಿಡುತ್ತ, ನೀರು ಉಸುಕಿನ ಮೇಲ್ಮೈಗಿಂತ ಒಂದು ಬೆರಳು ಕೆಳಗಿರುವಾಗ ನಿಲ್ಲಿಸಿ. ಮೇಲೆ ಇಟ್ಟಿಗೆಯನ್ನು ಉದ್ದುದ್ದ ನಿಲ್ಲಿಸಿ. ಅದು ಗಟ್ಟಿಯಾಗಿ ನಿಂತಿದೆ ಎಂಬುದನ್ನು ಎಲ್ಲರೂ ನೋಡಲಿ. ಆಮೇಲೆ ಟಬ್ಬಿನ ಬದಿಗೆ ಮುಷ್ಟಿಯಿಂದ ಒಂದೇ ಸಮನೆ ಗುದ್ದುತ್ತ ಹೋಗಿ. ಕೆಲವೇ ಕ್ಷಣಗಳಲ್ಲಿ ಉಸುಕಿನ ಮೇಲೆ ನೀರು ಜಿನುಗುತ್ತದೆ, ಇಟ್ಟಿಗೆ ವಾಲುತ್ತದೆ, ಕೆಳಗೆ ಇಳಿಯುತ್ತದೆ. ಅದೇ ಉಸುಕನ್ನು ಬಿಸಿಲಿನಲ್ಲಿ ಒಣಗಿಸಿ, ಬಡಿದು ಗಟ್ಟಿ ಮಾಡಿ ಮತ್ತೆ ಗುದ್ದಿದರೆ ಇಟ್ಟಿಗೆ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಸಡಿಲವಾದ ಉಸುಕಿನ ಕಣಗಳು ಒಂದರ ಮೇಲೊಂದು ಕುಳಿತು ಭಾರ ಹೊರುತ್ತಿರುತ್ತವೆ. ನೆಲ ಅಲುಗಿದಾಗ ಕಣಗಳು ಒತ್ತಿಕೊಳ್ಳಲು ನೋಡುತ್ತವೆ, ನಡುವಿನ ನೀರಿಗೆ ಹೊರಹೋಗಲು ಹೊತ್ತು ಸಿಗುವುದಿಲ್ಲ, ಆ ನೀರಿನ ಒತ್ತಡ ಏರಿ ಕಣಗಳು ಬಿಡಿಬಿಡಿಯಾಗುತ್ತವೆ. ಆಗ ಉಸುಕು ನೆಲವಾಗಿ ಉಳಿಯುವುದಿಲ್ಲ, ದ್ರವದಂತೆ ಹರಿಯುತ್ತದೆ.

1692ರ ಜೂನ್ 7ರ ಮಧ್ಯಾಹ್ನಕ್ಕೆ ಮುಂಚೆ ಪೋರ್ಟ್ ರಾಯಲ್‌ನಲ್ಲಿ ಆದದ್ದು ಇದೇ. ಭೂಕಂಪದ ಕೆಲವೇ ನಿಮಿಷಗಳಲ್ಲಿ ಪಟ್ಟಣದ ಮೂರನೆಯ ಎರಡು ಪಾಲಿನಷ್ಟು ನೆಲ ಸಮುದ್ರದೊಳಗೆ ಜಾರಿತು. ಸುಮಾರು 2,000 ಜನ ಆ ದಿನವೇ ಸತ್ತರು. ಗಾಯ ಮತ್ತು ರೋಗಗಳಿಂದ ಮುಂದಿನ ವಾರಗಳಲ್ಲಿ ಇನ್ನೂ ಬಹಳ ಮಂದಿ ಸತ್ತರು. ಹಡಗು ದೋಚುವವರ ನಾಯಕನಾಗಿದ್ದು ಆಮೇಲೆ ದ್ವೀಪದ ಉಪಗವರ್ನರ್ ಹುದ್ದೆಗೂ ಏರಿದ ಹೆನ್ರಿ ಮಾರ್ಗನ್ 1688ರಲ್ಲಿ ತೀರಿಕೊಂಡಿದ್ದ. ಅವನ ಸಮಾಧಿಯೂ ನೀರುಪಾಲಾಯಿತು. 1959ರಲ್ಲಿ ಮುಳುಗಿದ ಪಟ್ಟಣದ ಶೋಧನೆ ನಡೆದಾಗ ನೀರಿನ ತಳದಲ್ಲಿ ಸಿಕ್ಕ ಒಂದು ಕಿಸೆಗಡಿಯಾರ 11 ಗಂಟೆ 43 ನಿಮಿಷಕ್ಕೆ ನಿಂತಿತ್ತು. ಪ್ರಯೋಗವನ್ನು ಕಣ್ಣಾರೆ ನೋಡಿದ ಮಕ್ಕಳಿಗೆ ಈ ವಿವರಗಳನ್ನು ಒಮ್ಮೆ ಹೇಳಿದರೆ ಸಾಕು.

ಇಲ್ಲಿ ನಮ್ಮ ನೆನಪಿನ ಭೂಕಂಪವನ್ನು ಜೋಡಿಸುವುದು ಅಗತ್ಯವೆಂದು ನಾನು ಭಾವಿಸುತ್ತೇನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ನೆಲ ನಡುಗಿದಾಗ ಬೀದರ, ಬಸವಕಲ್ಯಾಣ, ಕಲಬುರಗಿ ಕಡೆಯ ಜನರೂ ಮನೆಯಿಂದ ಹೊರಗೆ ಓಡಿಬಂದಿದ್ದರು. ಅಲ್ಲಿ ಹತ್ತು ಸಾವಿರದ ಸಮೀಪ ಜನ ಸತ್ತರು. ಮನೆಯ ಹಿರಿಯರಿಂದ ಆ ರಾತ್ರಿಯ ವಿವರವನ್ನು ಕೇಳಿ ಬರೆದುಕೊಂಡು ಬರಲು ಮಕ್ಕಳಿಗೆ ಹೇಳಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಿಲ್ಲಾರಿಯಲ್ಲಿ ನೆಲ ಕರಗಲಿಲ್ಲ. ಕಲ್ಲು ಮಣ್ಣುಗಳ ದಪ್ಪ ಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದವು. ಪೋರ್ಟ್ ರಾಯಲ್‌ನಲ್ಲಿ ಮನೆಗಳ ಕೆಳಗಿನ ನೆಲವೇ ಹೋಯಿತು. ಜಮೈಕಾ ಭೂಫಲಕಗಳ ಅಂಚಿನಲ್ಲಿದೆ, ದಖನ್ ಪ್ರಸ್ಥಭೂಮಿ ಫಲಕದ ಒಳಭಾಗದಲ್ಲಿದೆ; ಆದರೂ ಎರಡೂ ಕಡೆ ನಡುಗಿತು. ನಡುಕ ಎಷ್ಟು ಬಲವಾಗಿತ್ತು ಎಂಬುದರ ಜೊತೆಗೆ, ನೆಲ ಯಾವುದು, ಮನೆ ಯಾವುದರಿಂದ ಕಟ್ಟಿದ್ದು ಎಂಬ ಪ್ರಶ್ನೆಗಳನ್ನು ಕೇಳದೆ ಯಾವ ಭೂಕಂಪವೂ ಅರ್ಥವಾಗುವುದಿಲ್ಲ.

ಹೊಸ ಪಟ್ಟಣದ ಬೀದಿಗಳನ್ನು ಓದುವುದು

ಪೋರ್ಟ್ ರಾಯಲ್‌ನಿಂದ ಬದುಕುಳಿದವರು ಬಂದರನ್ನು ದಾಟಿ ಲಿಗನಿ ಬಯಲಿನ ಅಂಚಿಗೆ ಬಂದು ಗುಡಿಸಲು ಹಾಕಿದರು. ಅಲ್ಲಿಯೇ 1692ರ ಜುಲೈ 22ರಂದು ಕಿಂಗ್‌ಸ್ಟನ್ ಹುಟ್ಟಿತು. ಉಪಗ್ರಹ ಚಿತ್ರವನ್ನು ಹಳೆಯ ಪಟ್ಟಣದ ಮೇಲೆ ಹಿಗ್ಗಿಸಿ ನೋಡಿ: ಬೀದಿಗಳು ಅಳತೆಪಟ್ಟಿ ಹಿಡಿದು ಗೆರೆ ಎಳೆದಂತೆ ನೇರವಾಗಿವೆ, ಒಂದನ್ನೊಂದು ಲಂಬವಾಗಿ ಕತ್ತರಿಸುತ್ತವೆ, ನಡುವೆ ಪರೇಡ್ ಎಂಬ ಚೌಕವಿದೆ. ಉತ್ತರಕ್ಕೆ ನಾರ್ತ್ ಸ್ಟ್ರೀಟ್, ಪೂರ್ವಕ್ಕೆ ಈಸ್ಟ್ ಸ್ಟ್ರೀಟ್, ಪಶ್ಚಿಮಕ್ಕೆ ವೆಸ್ಟ್ ಸ್ಟ್ರೀಟ್, ನೀರಿನ ಕಡೆಗೆ ಹಾರ್ಬರ್ ಸ್ಟ್ರೀಟ್. ಹೆಸರುಗಳೇ ಹಳೆಯ ಪಟ್ಟಣದ ಎಲ್ಲೆಯನ್ನು ತೋರಿಸುತ್ತವೆ. ಆ ನಾಲ್ಕನ್ನೂ ಹುಡುಕಿ ನಿಮ್ಮ ನಕ್ಷೆಯಲ್ಲಿ ಸೇರಿಸಿದರೆ ಮೊದಲ ಕಿಂಗ್‌ಸ್ಟನ್ ಕಣ್ಣೆದುರು ನಿಲ್ಲುತ್ತದೆ. ಇದರ ಪಕ್ಕದಲ್ಲಿ ಬೀದರಿನ ಹಳೆಯ ಊರಿನ ಚಿತ್ರವನ್ನು ತೆರೆದು, ಚೌಬಾರದಿಂದ ಹೊರಡುವ ದಾರಿಗಳು ಕೋಟೆಯ ಕಡೆಗೆ, ಮದರಸಾದ ಕಡೆಗೆ, ದರವಾಜೆಗಳ ಕಡೆಗೆ ಹೇಗೆ ಸಾಗುತ್ತವೆ ಎಂಬುದನ್ನು ನೋಡಿ. ಒಂದು ಊರು ಕೋಟೆಯನ್ನು ನೋಡಿಕೊಂಡು ಬೆಳೆಯಿತು, ಇನ್ನೊಂದು ಹಡಗುಕಟ್ಟೆಯನ್ನು ನೋಡಿಕೊಂಡು.

1703ರಲ್ಲಿ ಪೋರ್ಟ್ ರಾಯಲ್‌ನ ಉಳಿದ ಭಾಗಕ್ಕೆ ಬೆಂಕಿ ಬಿತ್ತು. ಅದರ ನಂತರ ವ್ಯಾಪಾರಿಗಳು ಗುಂಪುಗುಂಪಾಗಿ ಕಿಂಗ್‌ಸ್ಟನ್ನಿಗೆ ಬಂದರು, ಕೆಲವೇ ವರ್ಷಗಳಲ್ಲಿ ಅದು ದ್ವೀಪದ ಅತಿ ದೊಡ್ಡ ಪಟ್ಟಣವಾಯಿತು.

ಸಕ್ಕರೆ ಮತ್ತು ಜನ

ಈ ಭಾಗಕ್ಕೆ ಹೆಚ್ಚು ಹೊತ್ತು ಕೊಡಿ. ಕಡಲ್ಗಳ್ಳರ ಕಥೆಗಳು ಮಕ್ಕಳನ್ನು ಬೇಗ ಸೆಳೆಯುತ್ತವೆ, ಅದಕ್ಕಾಗಿಯೇ ಅನೇಕರು ಅಲ್ಲಿಯೇ ನಿಂತುಬಿಡುತ್ತಾರೆ. ಅದು ಸರಿಯಲ್ಲ. ಕಿಂಗ್‌ಸ್ಟನ್ನಿನ ಕಟ್ಟಡಗಳು ಎದ್ದದ್ದು ಮುಖ್ಯವಾಗಿ ಸಕ್ಕರೆಯಿಂದ ಮತ್ತು ಮನುಷ್ಯರ ಮಾರಾಟದಿಂದ.

ಬೀದರ ಜಿಲ್ಲೆಯ ಮಕ್ಕಳಿಗೆ ಕಬ್ಬಿನ ಸ್ವಭಾವ ಗೊತ್ತಿದೆ. ಕಡಿದ ಕಬ್ಬನ್ನು ಬೇಗನೆ ಅರೆಯದಿದ್ದರೆ ರಸದ ಸಿಹಿ ಇಳಿಯುತ್ತದೆ. ಅದಕ್ಕೇ ಹಂಗಾಮಿನಲ್ಲಿ ಕಾರ್ಖಾನೆಗಳ ಮುಂದೆ ಗಾಡಿಗಳ ಸಾಲು ನಿಂತಾಗ ರೈತರಿಗೆ ಆತಂಕವಾಗುತ್ತದೆ. ಜಮೈಕಾದ ತೋಟಗಳಲ್ಲಿಯೂ ಇದೇ ಕಾರಣಕ್ಕೆ ಗಾಣವನ್ನೂ ಕುದಿಸುವ ಮನೆಯನ್ನೂ ತೋಟದೊಳಗೇ ಕಟ್ಟುತ್ತಿದ್ದರು, ಸುಗ್ಗಿಯಲ್ಲಿ ಹಗಲುರಾತ್ರಿ ಕೆಲಸ ನಡೆಯುತ್ತಿತ್ತು. ಆ ಕೆಲಸವನ್ನು ಮಾಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಗುಲಾಮಗಿರಿಯ ಕಾಲದುದ್ದಕ್ಕೂ ದ್ವೀಪಕ್ಕೆ ಬಂದಿಳಿದ ಆಫ್ರಿಕನ್ನರ ಸಂಖ್ಯೆ ಹತ್ತು ಲಕ್ಷದ ಸಮೀಪವಿತ್ತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ, ಅವರಲ್ಲಿ ಬಹುಪಾಲು ಜನರನ್ನು ಕಿಂಗ್‌ಸ್ಟನ್ನಿನಲ್ಲಿಯೇ ಇಳಿಸಿ ಮಾರಲಾಯಿತು. ಅದೇ ಹಡಗುಕಟ್ಟೆಯಿಂದ ಸಕ್ಕರೆ, ರಮ್, ಕಾಕಂಬಿ ಹೊರಗೆ ಹೋದವು. ಹಿಂದೆ ಕೇಳಿ ಬಿಟ್ಟಿದ್ದ ಪ್ರಶ್ನೆಗೆ, ಅಂದರೆ ಒಂದು ಜಿಲ್ಲೆಯಷ್ಟು ನೆಲಕ್ಕಾಗಿ ಏಕೆ ಕಾದಾಟ ಎಂಬುದಕ್ಕೆ, ಉತ್ತರ ಇಲ್ಲಿದೆ.

ನಕ್ಷೆಯ ಬೆಟ್ಟಗಳನ್ನು ಈಗ ಮತ್ತೆ ನೋಡಬೇಕು. ತಪ್ಪಿಸಿಕೊಂಡ ಗುಲಾಮರು ನೀಲಿ ಪರ್ವತಗಳಲ್ಲಿಯೂ ಪಶ್ಚಿಮದ ಸುಣ್ಣಕಲ್ಲಿನ ಕಣಿವೆಗಳಲ್ಲಿಯೂ ಸೇರಿಕೊಂಡು, ಮರೂನರು ಎಂಬ ಸ್ವತಂತ್ರ ಸಮುದಾಯಗಳಾಗಿ ಬೆಳೆದರು. ಬ್ರಿಟಿಷ್ ಸೈನ್ಯ ಅವರನ್ನು ಸೋಲಿಸಲಾರದೆ 1739 ಮತ್ತು 1740ರಲ್ಲಿ ಒಪ್ಪಂದ ಮಾಡಿಕೊಂಡಿತು. ಬಂದರು ಯಾರನ್ನು ಬಂಧನದಲ್ಲಿ ತಂದಿತೋ ಅವರಲ್ಲಿ ಕೆಲವರನ್ನು ಬೆಟ್ಟ ಕಾಪಾಡಿತು. ಗುಲಾಮರ ವ್ಯಾಪಾರವನ್ನು ಬ್ರಿಟನ್ 1807ರ ಕಾಯ್ದೆಯಿಂದ ನಿಷೇಧಿಸಿತು. ಗುಲಾಮಗಿರಿ 1834ರ ಆಗಸ್ಟ್ 1ರಂದು ಕಾಗದದ ಮೇಲೆ ಕೊನೆಗೊಂಡು, 1838ರ ಆಗಸ್ಟ್ 1ರಂದು ನಿಜವಾಗಿ ಕೊನೆಗೊಂಡಿತು. ನಡುವಿನ ನಾಲ್ಕು ವರ್ಷ ‘ತರಬೇತಿ’ ಎಂಬ ಹೆಸರಿನಲ್ಲಿ ಅದೇ ದುಡಿತ ಮುಂದುವರಿದಿತ್ತು.

ತೋಟದ ಒಡೆಯರು ಆಮೇಲೆ ಭಾರತದ ಕಡೆಗೆ ತಿರುಗಿದರು. 1845ರ ಮೇ 10ರಂದು ಕಿಂಗ್‌ಸ್ಟನ್ನಿನ ಪಶ್ಚಿಮಕ್ಕಿರುವ ಓಲ್ಡ್ ಹಾರ್ಬರ್ ಬೇ ದಡದಲ್ಲಿ ಭಾರತದ ಕರಾರು ಕೂಲಿಗಳ ಮೊದಲ ತಂಡ ಇಳಿಯಿತು. 1917ರಲ್ಲಿ ಈ ಪದ್ಧತಿ ನಿಲ್ಲುವ ತನಕ ಜಮೈಕಾಕ್ಕೆ ಹೋದ ಭಾರತೀಯರ ಸಂಖ್ಯೆ ಸುಮಾರು 36,000. ಮೇ 10 ಇಂದಿಗೂ ಅಲ್ಲಿ ಭಾರತೀಯ ಪರಂಪರೆಯ ದಿನ.

ಈ ಪಾಠದ ಜೊತೆಗೆ ಬೀದರಿನ ಹಬ್ಶಿ ಕೋಟೆಯ ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲು ಸಾಧ್ಯವಾದರೆ ಖಂಡಿತ ಹೋಗಿ. ದಖನ್ನಿಗೂ ಆಫ್ರಿಕಾದ ಜನ ಗುಲಾಮರಾಗಿ ಬಂದಿದ್ದರು. ಅವರಲ್ಲಿ ಕೆಲವರು ಸೈನ್ಯ ಮತ್ತು ದರ್ಬಾರುಗಳಲ್ಲಿ ಮೇಲೇರಿ ಸರದಾರರಾದರು, ಅಂಥವರ ಗೋರಿಗಳು ಆ ಗುಡ್ಡದ ಮೇಲಿವೆ. ಜಮೈಕಾದ ತೋಟಗಳಲ್ಲಿ ಗುಲಾಮಗಿರಿ ಹುಟ್ಟಿನಿಂದಲೇ ಅಂಟಿಕೊಂಡು ಮಕ್ಕಳಿಗೂ ಇಳಿಯುತ್ತಿತ್ತು, ಚರ್ಮದ ಬಣ್ಣಕ್ಕೆ ಕಟ್ಟಲ್ಪಟ್ಟಿತ್ತು. ಎರಡೂ ದಾಸ್ಯವೇ, ಆದರೆ ಎರಡೂ ಒಂದೇ ಬಗೆಯವಲ್ಲ ಎಂಬುದನ್ನು ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಚೆನ್ನಾಗಿಯೇ ಅರ್ಥಮಾಡಿಕೊಳ್ಳುತ್ತಾರೆ.

ರಾಜಧಾನಿ ಬದಲಾದದ್ದು, ಬಂದರು ಸರಿದದ್ದು

ಕಿಂಗ್‌ಸ್ಟನ್ ಎಷ್ಟೇ ದೊಡ್ಡದಾದರೂ ಬಹಳ ಕಾಲ ರಾಜಧಾನಿಯಾಗಿರಲಿಲ್ಲ. ಸ್ಪೇನಿನವರು 1534ರಲ್ಲಿ ರಿಯೊ ಕೋಬ್ರೆ ನದಿಯ ಬಳಿ, ಕಡಲಿನಿಂದ ಒಳಗೆ ಕಟ್ಟಿದ ಸ್ಪ್ಯಾನಿಷ್ ಟೌನ್ ಆ ಪಟ್ಟವನ್ನು ಬಿಟ್ಟುಕೊಡಲಿಲ್ಲ. ತೋಟಗಳ ಒಡೆಯರಿಗೆ ಆ ಊರು ಬೇಕಾಗಿತ್ತು, ವ್ಯಾಪಾರಿಗಳಿಗೆ ಕಿಂಗ್‌ಸ್ಟನ್ ಬೇಕಾಗಿತ್ತು. 1755ರಲ್ಲಿ ಗವರ್ನರ್ ಚಾರ್ಲ್ಸ್ ನೋಲ್ಸ್ ಕಚೇರಿಗಳನ್ನು ಕಿಂಗ್‌ಸ್ಟನ್ನಿಗೆ ತಂದ, ಕೆಲವೇ ವರ್ಷಗಳಲ್ಲಿ ಅವು ಹಿಂದಕ್ಕೆ ಹೋದವು. ಕೊನೆಗೆ 1872ರಲ್ಲಿ ರಾಜಧಾನಿ ಶಾಶ್ವತವಾಗಿ ಬಂದರಿಗೆ ಬಂತು. ಬಹಮನಿ ಸುಲ್ತಾನರು 15ನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದದ್ದನ್ನು ಓದಿದವರಿಗೆ ಇಲ್ಲಿ ಒಂದು ಒಳ್ಳೆಯ ಬರಹದ ಕೆಲಸವಿದೆ: ರಾಜಧಾನಿ ಬದಲಾದಾಗ ಯಾರಿಗೆ ಲಾಭವಾಯಿತು, ಹಳೆಯ ಊರಿಗೆ ಏನಾಯಿತು ಎಂದು ಎರಡೂ ಸಂದರ್ಭಗಳಿಗೆ ಒಂದೊಂದು ಪುಟ ಬರೆಯಿಸಿ.

1907ರ ಜನವರಿ 14ರ ಭೂಕಂಪ ಮತ್ತು ಅದರ ಹಿಂದೆಯೇ ಎದ್ದ ಬೆಂಕಿಯನ್ನು ಚುಟುಕಾಗಿ ಹೇಳಿದರೆ ಸಾಕು, ಏಕೆಂದರೆ ನೆಲದ ಪಾಠ ಆಗಲೇ ಮುಗಿದಿದೆ. ಸುಮಾರು 800ರಿಂದ 1,000 ಜನ ಸತ್ತರು, ಹಳೆಯ ಪಟ್ಟಣದ ಬಹುಭಾಗ ನಾಶವಾಯಿತು, ಇಂದು ಪರೇಡ್ ಸುತ್ತ ಕಾಣುವ ಕಟ್ಟಡಗಳಲ್ಲಿ ಹಲವು ಅದರ ನಂತರದವು. 1912ರ ವಾರ್ಡ್ ರಂಗಮಂದಿರ ಅವುಗಳಲ್ಲಿ ಒಂದು. ಪೋರ್ಟ್ ರಾಯಲ್‌ನ ಚಾರ್ಲ್ಸ್ ಕೋಟೆಯ ಬಳಿ ಅದೇ ಭೂಕಂಪದಲ್ಲಿ ಉಸುಕಿನೊಳಗೆ ವಾಲಿಹೋದ ಮದ್ದುಗುಂಡಿನ ಉಗ್ರಾಣವೊಂದು ಇಂದಿಗೂ ಓರೆಯಾಗಿಯೇ ನಿಂತಿದೆ. ಅದರ ಚಿತ್ರವನ್ನು ಟಬ್ಬಿನ ಇಟ್ಟಿಗೆಯ ಪಕ್ಕ ಇಟ್ಟು ತೋರಿಸಬಹುದು.

1914ರಲ್ಲಿ ಪನಾಮಾ ಕಾಲುವೆ ತೆರೆದ ಮೇಲೆ ಕಿಂಗ್‌ಸ್ಟನ್ನಿನ ಸ್ಥಾನಕ್ಕೆ ಹೊಸ ಬೆಲೆ ಬಂತು. ಕ್ಯೂಬಾ ಮತ್ತು ಹೈಟಿಗಳ ನಡುವಿನ ಜಲಮಾರ್ಗದಿಂದ ಕಾಲುವೆಗೆ ಒಂದು ಗೆರೆ ಎಳೆದರೆ ಅದು ಜಮೈಕಾದ ಹತ್ತಿರದಿಂದಲೇ ಹಾದುಹೋಗುತ್ತದೆ. ಇಂದು ಈ ಬಂದರಿನ ಮುಖ್ಯ ಕೆಲಸ ಜಮೈಕಾಕ್ಕೆ ಬೇಕಾದ ಸರಕನ್ನು ಇಳಿಸುವುದಷ್ಟೇ ಅಲ್ಲ; ದೊಡ್ಡ ಹಡಗುಗಳಿಂದ ಕಂಟೇನರುಗಳನ್ನು ಇಳಿಸಿಕೊಂಡು, ಸಣ್ಣ ಹಡಗುಗಳಿಗೆ ಏರಿಸಿ, ಸುತ್ತಲಿನ ಬೇರೆ ಬಂದರುಗಳಿಗೆ ಕಳಿಸುವುದು. ಮುಂಬೈ ಗಾಡಿಯಿಂದ ಇಳಿದು ಸಿಕಂದರಾಬಾದಿನ ಗಾಡಿ ಹಿಡಿಯುವವರು ವಾಡಿ ಜಂಕ್ಷನ್ನಿನಲ್ಲಿ ಮಾಡುವುದೂ ಇದನ್ನೇ. ವಾಡಿಯ ಮಹತ್ವ ಅಲ್ಲಿಯ ಜನಸಂಖ್ಯೆಯಲ್ಲಿಲ್ಲ, ಹಳಿಗಳು ಕೂಡುವುದರಲ್ಲಿದೆ. 1960ರ ದಶಕದಲ್ಲಿ ಬಂದರಿನ ಕೆಲಸ ಹಳೆಯ ಪಟ್ಟಣದ ಮುಂದಿನ ಕಟ್ಟೆಗಳಿಂದ ಪಶ್ಚಿಮದ ನ್ಯೂಪೋರ್ಟ್ ವೆಸ್ಟ್‌ಗೆ ಸರಿಯಿತು. 2016ರಿಂದ ಕಂಟೇನರ್ ಟರ್ಮಿನಲ್ಲನ್ನು ಫ್ರಾನ್ಸಿನ ಸಿಎಂಎ ಸಿಜಿಎಂ ಕಂಪನಿಯ ಸಂಸ್ಥೆ ಮೂವತ್ತು ವರ್ಷಗಳ ಗುತ್ತಿಗೆಯಲ್ಲಿ ನಡೆಸುತ್ತಿದೆ. ಕಚೇರಿಗಳು, ಹೋಟೆಲುಗಳು ಉತ್ತರಕ್ಕೆ, ಹಿಂದೆ ಕುದುರೆ ಪಂದ್ಯದ ಮೈದಾನವಾಗಿದ್ದ ಜಾಗದಲ್ಲಿ ಎದ್ದ ನ್ಯೂ ಕಿಂಗ್‌ಸ್ಟನ್ನಿಗೆ ಹೋದವು. ಹಡಗು ದೂರವಾದಾಗ ಹಳೆಯ ಪೇಟೆಯ ದುಡಿಮೆಯೂ ದೂರವಾಯಿತು, ಅದರ ಬಡತನಕ್ಕೆ ಇದೂ ಒಂದು ಕಾರಣ.

ಕ್ರಿಕೆಟ್ ಪ್ರೀತಿಸುವ ಮಕ್ಕಳಿಗೆ ನಕ್ಷೆಯಲ್ಲಿ ಸಬೀನಾ ಪಾರ್ಕ್ ಮೈದಾನವನ್ನು ಹುಡುಕಲು ಹೇಳಿ. ಹಳೆಯ ಪಟ್ಟಣದ ತುಸು ಈಶಾನ್ಯಕ್ಕೆ, ಬೆಟ್ಟಗಳ ಹಿನ್ನೆಲೆಯಲ್ಲಿ ಅದು ಸಿಗುತ್ತದೆ. 2006ರಲ್ಲಿ ಅಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ನಾಯಕ ರಾಹುಲ್ ದ್ರಾವಿಡ್ ಎರಡೂ ಇನಿಂಗ್ಸ್‌ಗಳಲ್ಲಿ ಅರ್ಧ ಶತಕ ದಾಟಿದರು, ಅನಿಲ್ ಕುಂಬ್ಳೆ ಕೊನೆಯ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಪಡೆದರು, ಭಾರತ ವೆಸ್ಟ್ ಇಂಡೀಸ್ ನೆಲದಲ್ಲಿ 35 ವರ್ಷಗಳ ನಂತರ ಸರಣಿ ಗೆದ್ದಿತು.

ಅಭ್ಯಾಸ ಮುಗಿಯಿತೇ ಎಂದು ತಿಳಿಯಲು ಇಸವಿ ಕೇಳುವ ಪ್ರಶ್ನೆಗಳು ಬೇಡ. ಪೋರ್ಟ್ ರಾಯಲ್ ಉಸುಕಿನ ತುದಿಯಲ್ಲಿಯೇ ಏಕೆ ಬೆಳೆಯಿತು, ಕಿಂಗ್‌ಸ್ಟನ್ನಿಗೆ ಬೆಟ್ಟದ ಉತ್ತರದ ಮಗ್ಗುಲಿಗಿಂತ ಮಳೆ ಏಕೆ ಕಡಿಮೆ, ಗಾಣಗಳು ತೋಟದೊಳಗೇ ಏಕಿದ್ದವು, ಮರೂನರು ಬೆಟ್ಟವನ್ನೇ ಏಕೆ ಆರಿಸಿಕೊಂಡರು, ಹಳೆಯ ಪೇಟೆ ಏಕೆ ಸೊರಗಿತು ಎಂಬಂತಹ ಪ್ರಶ್ನೆಗಳನ್ನು ಕೊಟ್ಟು, ಪ್ರತಿ ಉತ್ತರವನ್ನೂ ನಕ್ಷೆಯ ಮೇಲೆ ಬೆರಳಿಟ್ಟು ಹೇಳಬೇಕೆಂದು ನಿಯಮ ಮಾಡಿ. ಸತ್ತವರ ಸಂಖ್ಯೆಯಂತಹ ಅಂದಾಜುಗಳ ಮುಂದೆ ‘ಸುಮಾರು’ ಎಂದು ಬರೆಯುವ ಅಭ್ಯಾಸವನ್ನೂ ಈಗಲೇ ಹಚ್ಚಿ.

ಇದಾದ ಮೇಲೆ ಬೀದರಿನ ಸ್ವಂತ ಬಂದರುಗಳಿಗೆ ಹೋಗಬಹುದು. ಗಿಲಾನಿನ ವ್ಯಾಪಾರಿ ಮಹಮೂದ್ ಗವಾನ್ 15ನೆಯ ಶತಮಾನದ ನಡುಭಾಗದಲ್ಲಿ ಹಡಗಿನಿಂದ ಇಳಿದದ್ದು ಕೊಂಕಣದ ದಾಭೋಳದಲ್ಲಿ. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಕುದುರೆಯೊಂದನ್ನು ತೆಗೆದುಕೊಂಡು ಬಂದಿಳಿದದ್ದು ಚೌಲದಲ್ಲಿ. ಇಬ್ಬರೂ ಘಟ್ಟ ಹತ್ತಿ ಬೀದರಿಗೆ ಬಂದರು. ದಾಭೋಳವನ್ನು ಇದೇ ಕ್ರಮದಲ್ಲಿ ಓದಿ: ಮೊದಲು ವಾಶಿಷ್ಠಿ ನದಿಯ ಅಳಿವೆಯನ್ನು ಬರೆಯಿರಿ, ಆಮೇಲೆ ಮುಂಗಾರಿನ ಗಾಳಿ ಹಡಗುಗಳಿಗೆ ಯಾವ ತಿಂಗಳುಗಳನ್ನು ಬಿಟ್ಟುಕೊಡುತ್ತಿತ್ತು ಎಂಬುದನ್ನು ಗುರುತಿಸಿ, ಘಟ್ಟದ ದಾರಿಗಳನ್ನು ಎಳೆಯಿರಿ, ಅದರ ನಂತರವೇ ಬಹಮನಿ ಸುಲ್ತಾನರ ಹೆಸರುಗಳನ್ನು ಬರೆಯಲು ಆರಂಭಿಸಿ.